ಸ್ಪೋರ್ಟ್ ಬೈಕೋ, ಸ್ಪೋರ್ಟ್ ಟೂರರೋ: ಟೇಪು ಹಿಡಿದು ಅಳೆದು ಆರಿಸುವ ಕ್ರಮ

ಶೋರೂಮಿನಲ್ಲಿ ಅಕ್ಕಪಕ್ಕ ನಿಂತ ಸ್ಪೋರ್ಟ್ ಬೈಕು ಮತ್ತು ದೂರದ ಸವಾರಿಗೆ ಹೊಂದಿಸಿದ ಸ್ಪೋರ್ಟ್ ಟೂರರ್ ಮೊದಲ ನೋಟಕ್ಕೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಎರಡಕ್ಕೂ ಮೈತುಂಬ ಫೇರಿಂಗ್ (ಗಾಳಿ ಸೀಳುವ ಪ್ಲಾಸ್ಟಿಕ್ ಹೊದಿಕೆ), ಎರಡಕ್ಕೂ ಚೂಪು ಮೂತಿ, ಎಷ್ಟೋ ಸಲ ಒಂದೇ ಕಂಪನಿಯ ಹೆಚ್ಚುಕಮ್ಮಿ ಒಂದೇ ಅಳತೆಯ ಎಂಜಿನ್. ಅವು ಬೇರೆಯಾಗುವುದು ಮೂರು ಜಾಗದಲ್ಲಿ: ಕೈ ಹಿಡಿಯುವ ಹ್ಯಾಂಡಲ್, ಕೂರುವ ಸೀಟು, ಕಾಲಿಡುವ ಫುಟ್‌ರೆಸ್ಟ್. ಈ ಮೂರರ ನಡುವಿನ ಅಂತರ ನಿಮ್ಮ ಮೈಗೆ ಒಗ್ಗಿದರೆ ಉಳಿದ ಕೊರತೆಗಳನ್ನು ಹೇಗೋ ಸರಿದೂಗಿಸಬಹುದು. ಒಗ್ಗದಿದ್ದರೆ ಎಷ್ಟೇ ಪವರ್ ಇದ್ದರೂ ಆರು ತಿಂಗಳಲ್ಲಿ ಬೈಕು ಕವರ್ ಹೊದ್ದು ಮೂಲೆಯಲ್ಲಿ ನಿಲ್ಲುತ್ತದೆ. ಹಾಗಾಗಿ ಆಯ್ಕೆ ಶುರುವಾಗಬೇಕಾದ್ದು ಅಳತೆ ಟೇಪಿನಿಂದ.

ಕಿಲೋಮೀಟರ್ ಬಿಡಿ, ಗಂಟೆ ಎಣಿಸಿ

ಅಂಗಡಿಗೆ ಹೋಗುವ ಮೊದಲು, ಕಳೆದ ಮೂರು ತಿಂಗಳಲ್ಲಿ ಬೈಕ್ ಮೇಲೆ ಕಳೆದ ಹೊತ್ತನ್ನು ಒಂದು ಹಾಳೆಯಲ್ಲಿ ಬರೆಯಿರಿ. ಊರೊಳಗಿನ ಟ್ರಾಫಿಕ್‌ಗೆ ಒಂದು ಸಾಲು, ಒಂದು ಗಂಟೆಗೂ ಮೀರಿ ನಿಲ್ಲಿಸದೆ ಓಡಿಸಿದ ಹೆದ್ದಾರಿಗೆ ಒಂದು, ಘಾಟಿಗೆ ಒಂದು, ಹಿಂದೆ ಯಾರಾದರೂ ಕೂತಿದ್ದ ಸವಾರಿಗೆ ಒಂದು. ಕಿಲೋಮೀಟರ್ ಲೆಕ್ಕ ಇಲ್ಲಿ ದಾರಿ ತಪ್ಪಿಸುತ್ತದೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಂಜೆ 15 ಕಿ.ಮೀ. ಸಾಗಲು ಹಿಡಿಯುವ ಒಂದು ಗಂಟೆಯಲ್ಲೇ ಹಾಸನದ ದಾರಿಯಲ್ಲಿ 70 ಕಿ.ಮೀ. ಸಾಗಿರುತ್ತೀರಿ. ಮಣಿಕಟ್ಟಿಗೆ ಗೊತ್ತಾಗುವುದು ಗಂಟೆಯ ಲೆಕ್ಕ ಮಾತ್ರ.

ಮುಂದೊಂದು ದಿನ ಹೋಗಬೇಕೆಂದಿರುವ ಲಡಾಖ್ ಪ್ರವಾಸವನ್ನು ಈ ಹಾಳೆಗೆ ಸೇರಿಸಬೇಡಿ. ರೇಸ್ ಟ್ರ್ಯಾಕಿನ ಆಸೆಯನ್ನೂ ಅಷ್ಟೇ, ದಿನಾಂಕ ಗೊತ್ತುಮಾಡಿದ್ದರೆ ಮಾತ್ರ ಬರೆಯಿರಿ. ಬೆಂಗಳೂರಿನವರು ಟ್ರ್ಯಾಕ್ ಎಂದು ಹೊರಡುವುದು ಚೆನ್ನೈ ಬಳಿ ಇರುಂಗಾಟ್ಟುಕೋಟ್ಟೈಯ 3.7 ಕಿ.ಮೀ. ಸರ್ಕ್ಯೂಟಿಗೆ ಅಥವಾ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ. ಎರಡೂ ಕಡೆ ಒಂದು ದಿನದ ಟ್ರ್ಯಾಕಿಗೆ ಎರಡು ದಿನದ ಓಡಾಟ. ವರ್ಷಕ್ಕೆ ಮೂರ್ನಾಲ್ಕು ಸಲವಾದರೂ ಹೋಗುವವರಿಗೆ ಅಪ್ಪಟ ಸ್ಪೋರ್ಟ್ ಬೈಕು ಕೊಟ್ಟ ದುಡ್ಡಿಗೆ ಸಲ್ಲುತ್ತದೆ. ಹೋಗದವರಿಗೆ ಆ ಬೈಕಿನ ಅತ್ಯುತ್ತಮ ಗುಣಗಳು ಯಾವತ್ತೂ ಕೈಗೆ ಸಿಗುವುದಿಲ್ಲ, ಅದರ ಕಷ್ಟಗಳು ಮಾತ್ರ ದಿನಾ ಸಿಗುತ್ತವೆ. ರಸ್ತೆಯ ಮೇಲಷ್ಟೇ ಓಡಿಸುವ ಹೆಚ್ಚಿನವರಿಗೆ ಸ್ಪೋರ್ಟ್ ಟೂರರ್ ಸರಿಯಾದ ಆಯ್ಕೆ ಎಂಬುದು ಈ ಬರಹದ ನಿಲುವು. ಅದು ನಿಮಗೆ ಅನ್ವಯಿಸುತ್ತದೆಯೇ ಎಂಬುದನ್ನು ಮುಂದಿನ ಪರೀಕ್ಷೆಗಳಿಂದ ನೀವೇ ತೀರ್ಮಾನಿಸಿ.

ಹ್ಯಾಂಡಲ್ ಎಲ್ಲಿ ಕೂತಿದೆ?

ಬೈಕಿನ ಮುಂದೆ ನಿಂತು ಮುಂಚಕ್ರವನ್ನು ಹಿಡಿದ ಫೋರ್ಕಿನ ಎರಡು ಕೊಳವೆಗಳನ್ನು ಮೇಲೆ ಹಿಡಿದಿಟ್ಟಿರುವ ಅಡ್ಡಪಟ್ಟಿಯನ್ನು ನೋಡಿ. ಮೆಕ್ಯಾನಿಕ್‌ಗಳು ಅದನ್ನು ಟಿ ಎನ್ನುತ್ತಾರೆ. ಎಡಬಲದ ತುಂಡು ಹ್ಯಾಂಡಲ್‌ಗಳು, ಅಂದರೆ ಕ್ಲಿಪ್‌ಆನ್‌ಗಳು, ಆ ಟಿಯ ಕೆಳಗೆ ಕೊಳವೆಗೆ ಕಚ್ಚಿಕೊಂಡಿದ್ದರೆ ಅದು ಅಪ್ಪಟ ಸ್ಪೋರ್ಟ್. ಯಮಹಾ ಆರ್15 ಹೀಗಿದೆ. ಟಿಯ ಮೇಲೆ ಕೂತಿದ್ದರೆ ಮಧ್ಯಮ ಮಾರ್ಗ, ಸುಜುಕಿ ಜಿಕ್ಸರ್ ಎಸ್‌ಎಫ್ 250, ಕವಾಸಕಿ ನಿಂಜಾ 650ಗಳಂತೆ. ಇವು ಕಣ್ಣಿಗೆ ಸ್ಪೋರ್ಟ್ ಬೈಕೇ, ಬೆನ್ನಿಗೆ ಅರ್ಧ ಟೂರರ್. ಬಜಾಜ್ ಡೊಮಿನಾರ್ 400ರಂತೆ ಎತ್ತರದ ಅಗಲ ಹ್ಯಾಂಡಲ್ ಇದ್ದರೆ ಪೂರ್ತಿ ಟೂರಿಂಗ್ ಭಂಗಿ. ಬೈಕಿನ ಮೈಮೇಲೆ ಅಂಟಿಸಿದ ಹೆಸರಿಗಿಂತ ಈ ಒಂದು ನೋಟ ಹೆಚ್ಚು ಹೇಳುತ್ತದೆ.

ಈಗ ಕೂರಿ. ಹೆಲ್ಮೆಟ್, ಜಾಕೆಟ್, ಬೂಟು ಹಾಕಿಕೊಂಡೇ ಕೂರಬೇಕು. ಬೈಕನ್ನು ಹಿಂಚಕ್ರ ಎತ್ತಿ ನೆಟ್ಟಗೆ ನಿಲ್ಲಿಸುವ ಪ್ಯಾಡಾಕ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಲು ಹೇಳಿ, ಇಲ್ಲದಿದ್ದರೆ ಜೊತೆಗೆ ಬಂದವರು ಮುಂದೆ ನಿಂತು ಹ್ಯಾಂಡಲ್ ಹಿಡಿದುಕೊಳ್ಳಲಿ. ಎರಡೂ ಕಾಲನ್ನು ಫುಟ್‌ರೆಸ್ಟ್ ಮೇಲಿಟ್ಟು, ಮಂಡಿಗಳಿಂದ ಟ್ಯಾಂಕನ್ನು ಅಮುಕಿ, ಹಿಡಿಕೆಯಿಂದ ಅಂಗೈಗಳನ್ನು ಒಂದಿಂಚು ಮೇಲಕ್ಕೆತ್ತಿ ಇಪ್ಪತ್ತರವರೆಗೆ ಎಣಿಸಿ. ಮೈ ಅಲ್ಲೇ ನಿಂತರೆ ನಿಮ್ಮ ಸೊಂಟ, ಹೊಟ್ಟೆಯ ಸ್ನಾಯುಗಳು ಆ ಭಂಗಿಯನ್ನು ತಾಳುತ್ತವೆ. ಹತ್ತು ಎಣಿಸುವಷ್ಟರಲ್ಲಿ ಮುಂದಕ್ಕೆ ಬಿದ್ದು ಕೈ ಊರಿದರೆ, ಮುಂದೆ ಪ್ರತಿ ಸಿಗ್ನಲ್ಲಿನಲ್ಲೂ ಆ ಭಾರ ಹೊರುವುದು ಮಣಿಕಟ್ಟು. ಉಂಗುರಬೆರಳು, ಕಿರುಬೆರಳಿಗೆ ಜೋಮು ಹಿಡಿಯುವುದು ಇದರ ಮೊದಲ ಗುರುತು. ಅಂಗೈಯ ಹೊರಬದಿಯಲ್ಲಿ ಹಾಯುವ ನರದ ಮೇಲೆ ಒತ್ತಡ ಬಿದ್ದಾಗ ಹೀಗಾಗುತ್ತದೆ.

ಇಲ್ಲಿ ಟೆಸ್ಟ್ ರೈಡ್ ಮಾಡುವ ಒಂದು ಮೋಸವಿದೆ. 90–100 ಕಿ.ಮೀ. ವೇಗದಲ್ಲಿ ಎದುರುಗಾಳಿ ಎದೆಯನ್ನು ಹಿಂದಕ್ಕೆ ಒತ್ತಿ ಹಿಡಿಯುತ್ತದೆ, ಬಾಗಿದ ಮೈಯ ಭಾರ ಕೈಯಿಂದ ಇಳಿಯುತ್ತದೆ. ಖಾಲಿ ರಸ್ತೆಯಲ್ಲಿ ಐದು ನಿಮಿಷ ಓಡಿಸಿದವರಿಗೆ ಸ್ಪೋರ್ಟ್ ಬೈಕು ಹಾಯಾಗಿದೆ ಅನ್ನಿಸುವುದು ಇದರಿಂದಲೇ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ 10 ಕಿ.ಮೀ. ವೇಗದಲ್ಲಿ ತೆವಳುವಾಗ ಆ ಗಾಳಿಯ ಆಸರೆ ಇರುವುದಿಲ್ಲ. ಕ್ಲಚ್ ಹಿಡಿದು ಬಿಡುತ್ತಿರುವ ಎಡಗೈಗೆ ಮೈಭಾರವೂ ಸೇರಿಕೊಳ್ಳುತ್ತದೆ.

ಕನ್ನಡಕ ಹಾಕುವವರು ಇನ್ನೊಂದನ್ನು ನೋಡಬೇಕು. ಮೈ ಬಾಗಿದಾಗ ತಲೆ ಕೆಳಗಾಗಿ, ರಸ್ತೆಯನ್ನು ಕಣ್ಣಿನ ಮೇಲಂಚಿನಿಂದ ನೋಡಬೇಕಾಗುತ್ತದೆ. ಆಗ ಕನ್ನಡಕದ ಮೇಲಿನ ಚೌಕಟ್ಟು ಸರಿಯಾಗಿ ದೃಷ್ಟಿಗೆ ಅಡ್ಡ ಬರುತ್ತದೆ, ಅದನ್ನು ತಪ್ಪಿಸಲು ಕತ್ತು ಎತ್ತಿದರೆ ಒಂದೂವರೆ ಕೆಜಿ ಹೆಲ್ಮೆಟ್ ಹೊತ್ತ ಕತ್ತು ಅರ್ಧ ಗಂಟೆಯಲ್ಲಿ ಬಿಗಿಯುತ್ತದೆ. ಶೋರೂಮಿನಲ್ಲೇ ಕೂತು, ಗೋಡೆಯ ಮೇಲೆ ನೇರ ಎದುರಿಗಿರುವ ಏನನ್ನಾದರೂ ಓದಲು ನೋಡಿ. ಗೊತ್ತಾಗಿಬಿಡುತ್ತದೆ.

ಫುಟ್‌ರೆಸ್ಟಿನ ವಿಷಯದಲ್ಲಿ ಕಂಪನಿಗಳು ಅಂಕಿ ಕೊಡುವುದಿಲ್ಲ, ನೀವೇ ಅಳೆಯಿರಿ. ಸೀಟಿನ ಅತಿ ತಗ್ಗಿನ ಜಾಗದಿಂದ ಫುಟ್‌ರೆಸ್ಟಿನ ಮೇಲ್ಮೈಗೆ ಎಷ್ಟು ಸೆಂ.ಮೀ.? ಈಗ ನಿಮ್ಮ ಬಳಿ ಇರುವ ಬೈಕಿನಲ್ಲೂ ಅದೇ ಅಳತೆ ತೆಗೆದು ಹೋಲಿಸಿ. ಮೂರು ಸೆಂ.ಮೀ. ಕಡಿಮೆಯಾದರೂ ಮಂಡಿಗೆ ಗೊತ್ತಾಗುತ್ತದೆ. ಐದಡಿ ಹತ್ತಿಂಚು ಮೀರಿದವರಿಗೆ ಇದು ಹ್ಯಾಂಡಲ್‌ಗಿಂತ ದೊಡ್ಡ ತೊಂದರೆ, ಏಕೆಂದರೆ ಹ್ಯಾಂಡಲನ್ನು ಅಲ್ಪಸ್ವಲ್ಪ ಎತ್ತಬಹುದು, ಕಾಲನ್ನು ಗಿಡ್ಡ ಮಾಡಲಾಗದು.

ಎಂಜಿನ್: ಬಲ ಎಷ್ಟು ಎಂಬುದಕ್ಕಿಂತ ಎಲ್ಲಿ ಬರುತ್ತದೆ

ಒಂದೇ ಕಂಪನಿಯ, ಸುಮಾರು 1,000 ಸಿಸಿಯ ಎರಡು ಬೈಕುಗಳನ್ನು ಎದುರುಬದುರು ಇಟ್ಟರೆ ವಿಷಯ ತಿಳಿಯಾಗುತ್ತದೆ. ಕವಾಸಕಿಯ 2021ರ ನಿಂಜಾ ಝಡ್‌ಎಕ್ಸ್-10ಆರ್ 998 ಸಿಸಿಯದು. ಎಂಜಿನ್ ನಿಮಿಷಕ್ಕೆ 13,200 ಸುತ್ತು (ಆರ್‌ಪಿಎಂ) ತಿರುಗುವಾಗ 203 ಪಿಎಸ್ ಪವರ್, 11,400ರಲ್ಲಿ 114.9 ಎನ್‌ಎಂ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ. 2020ರ ನಿಂಜಾ 1000ಎಸ್‌ಎಕ್ಸ್ 1,043 ಸಿಸಿಯದು. 10,000ದಲ್ಲಿ 142 ಪಿಎಸ್, 8,000ದಲ್ಲಿ 111 ಎನ್‌ಎಂ. ಪವರ್‌ನಲ್ಲಿ 61 ಪಿಎಸ್ ವ್ಯತ್ಯಾಸವಿದ್ದರೂ ಟಾರ್ಕ್ ಬಹುತೇಕ ಸಮ, ಅದೂ ಟೂರರಿನಲ್ಲಿ 3,400 ಆರ್‌ಪಿಎಂ ಮೊದಲೇ ಬಂದುಬಿಡುತ್ತದೆ. ಹೆದ್ದಾರಿಯಲ್ಲಿ ಲಾರಿಯನ್ನು ಹಿಂದಿಕ್ಕುವಾಗ ಎಂಜಿನ್ ತಿರುಗುತ್ತಿರುವುದು 4,000–6,000 ಆರ್‌ಪಿಎಂನಲ್ಲಿ. ಅಲ್ಲಿ ಟೂರರ್ ಗೇರು ಇಳಿಸದೆಯೇ ಎಳೆದುಕೊಂಡು ಹೋಗುತ್ತದೆ. ಸ್ಪೋರ್ಟ್ ಬೈಕಿನ ಸವಾರ ಎರಡು ಗೇರು ಇಳಿಸಬೇಕಾಗುತ್ತದೆ. ಘಾಟಿಯಲ್ಲೂ ಇದೇ ಕತೆ.

ಸಣ್ಣ ಬೈಕುಗಳಲ್ಲಿ ಈ ಅಂತರ ಇಷ್ಟು ಢಾಳಾಗಿ ಕಾಣುವುದಿಲ್ಲ, ಆದರೂ ಇದೆ. ಆರ್15ರ 18.4 ಪಿಎಸ್ ಪೂರ್ತಿ ಸಿಗುವುದು 10,000 ಆರ್‌ಪಿಎಂನಲ್ಲಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಏರು ಹತ್ತಬೇಕಾದವರು ಇದನ್ನು ನೆನಪಿಡಬೇಕು. ಕೈಪಿಡಿಯಲ್ಲಿ ಗರಿಷ್ಠ ಟಾರ್ಕಿನ ಎದುರಿಗಿರುವ ಆರ್‌ಪಿಎಂ ಅಂಕಿಯನ್ನು ನೋಡಿ. ಟೆಸ್ಟ್ ರೈಡಿನಲ್ಲಿ ಕೊನೆಯ ಗೇರಿನಲ್ಲಿ 80ರ ವೇಗಕ್ಕೆ ಮೀಟರ್ ಎಷ್ಟು ಆರ್‌ಪಿಎಂ ತೋರಿಸುತ್ತದೆ ಎಂದು ಬರೆದುಕೊಳ್ಳಿ, ಅದೇ ವೇಗದಲ್ಲಿ ಹ್ಯಾಂಡಲ್, ಫುಟ್‌ರೆಸ್ಟ್, ಟ್ಯಾಂಕ್ ಈ ಮೂರರಲ್ಲಿ ಯಾವುದು ಗುಂಯ್‌ಗುಡುತ್ತದೆ ಎಂದೂ ಗಮನಿಸಿ. ಐದು ನಿಮಿಷದಲ್ಲಿ ಕಚಗುಳಿಯಂತಿರುವ ಕಂಪನ ಎರಡು ಗಂಟೆಯಲ್ಲಿ ಅಂಗಾಲು ಮರಗಟ್ಟಿಸುತ್ತದೆ.

ಬಿಸಿಯ ಪರೀಕ್ಷೆಯನ್ನು ಮರೆಯುವವರೇ ಹೆಚ್ಚು. ಬೈಕನ್ನು ರೇಡಿಯೇಟರ್ ಫ್ಯಾನ್ ಆನ್ ಆಗುವವರೆಗೆ ನಿಧಾನಗತಿಯಲ್ಲಿ ಓಡಿಸಿ, ಫ್ಯಾನ್ ಊದುವ ಗಾಳಿ ಎಲ್ಲಿಗೆ ಬಡಿಯುತ್ತದೆ ನೋಡಿ. ಫೇರಿಂಗಿನ ಪಕ್ಕದ ಕಿಂಡಿಗಳಿಂದ ಹೊರಗೆ ಹೋದರೆ ಸರಿ. ನೇರ ಮೊಣಕಾಲಿಗೋ ತೊಡೆಗೋ ಬಡಿದರೆ ಏಪ್ರಿಲ್ ತಿಂಗಳ ಮಂಗಳೂರಿನಲ್ಲಿ, ಕಲಬುರಗಿಯಲ್ಲಿ ಅದನ್ನು ಊರೊಳಗೆ ಓಡಿಸುವುದು ಶಿಕ್ಷೆ.

ಹಂಪು, ಹೊಂಡ ಮತ್ತು ಸ್ಪ್ರಿಂಗು

ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1988ರ ಮಾರ್ಗಸೂಚಿ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು ಎಂದಿತ್ತು. ನಮ್ಮ ಊರುಗಳ ಹಂಪುಗಳಲ್ಲಿ ಎಷ್ಟು ಈ ಅಳತೆಗೆ ಸರಿಹೊಂದುತ್ತವೆ ಎಂಬುದು ಓಡಿಸುವ ಎಲ್ಲರಿಗೂ ಗೊತ್ತು. ನಿಂಜಾ 650ರ ನೆಲದಂತರ (ಗ್ರೌಂಡ್ ಕ್ಲಿಯರೆನ್ಸ್) 130 ಮಿ.ಮೀ. ಸವಾರ ಕೂತಾಗ ಹಿಂಬದಿ 3–4 ಸೆಂ.ಮೀ. ಕುಗ್ಗುತ್ತದೆ, ಹಿಂದೆ ಇನ್ನೊಬ್ಬರು ಕೂತರೆ ಮತ್ತಷ್ಟು. ಕಡಿದಾದ ಹಂಪಿಗೆ ಎಕ್ಸಾಸ್ಟಿನ ಹೊಟ್ಟೆಯೋ ಕೆಳಗಿನ ಫೇರಿಂಗೋ ಒರೆಸುವುದು ಹೀಗೆ. ಟೂರರ್ ಎಂಬ ಹೆಸರಿದ್ದ ಮಾತ್ರಕ್ಕೆ ಎತ್ತರ ಇರುತ್ತದೆ ಎಂದುಕೊಳ್ಳಬೇಡಿ. ಟಿವಿಎಸ್ ಅಪಾಚೆ ಆರ್‌ಆರ್ 310 ಸ್ಪೋರ್ಟ್ ಬೈಕಾದರೂ 180 ಮಿ.ಮೀ. ಎತ್ತರದಲ್ಲಿದೆ.

ಸಸ್ಪೆನ್ಷನ್ ನಿಮ್ಮ ತೂಕಕ್ಕೆ ಹೊಂದುತ್ತದೆಯೇ ಎಂದು ತಿಳಿಯಲು ಹೀಗೆ ಮಾಡಿ. ಬೈಕನ್ನು ಹಿಂಚಕ್ರ ನೆಲ ಬಿಡುವಂತೆ ಎತ್ತಿಸಿ, ಹಿಂದಿನ ಆ್ಯಕ್ಸಲ್‌ನಿಂದ ನೇರ ಮೇಲೆ ಸೀಟಿನ ಬದಿಯ ಒಂದು ಗುರುತಿಗೆ ಅಳೆಯಿರಿ. 560 ಮಿ.ಮೀ. ಬಂತೆನ್ನಿ. ಆಮೇಲೆ ಕೆಳಗಿಳಿಸಿ, ಪೂರ್ತಿ ಸವಾರಿ ಉಡುಪಿನಲ್ಲಿ ಕೂತು, ಎರಡು ಸಲ ಮೈಯನ್ನು ಕುಣಿಸಿ ನಿಂತಾಗ ಅದೇ ಜಾಗವನ್ನು ಮತ್ತೆ ಅಳೆಸಿ. 525 ಬಂದರೆ ಕುಸಿತ 35 ಮಿ.ಮೀ. ರಸ್ತೆಗೆ 30ರಿಂದ 40 ಮಿ.ಮೀ. ಸರಿಯಾದ ಮಟ್ಟ. 25ಕ್ಕಿಂತ ಕಡಿಮೆ ಬಂದರೆ ಸ್ಪ್ರಿಂಗು ನಿಮಗೆ ಗಟ್ಟಿ, ಪ್ರತಿ ಹೊಂಡವೂ ನೇರ ಬೆನ್ನುಮೂಳೆಗೆ ಹೊಡೆಯುತ್ತದೆ. 45 ಮೀರಿದರೆ ಮೆದು, ಪ್ರೀಲೋಡ್, ಅಂದರೆ ಸ್ಪ್ರಿಂಗಿಗೆ ಮೊದಲೇ ಕೊಟ್ಟಿರುವ ಬಿಗಿತವನ್ನು, ಹೆಚ್ಚಿಸಬೇಕು. ಹಿಂಬದಿ ಸವಾರರನ್ನೂ ಕೂರಿಸಿ ಇನ್ನೊಮ್ಮೆ ಅಳೆಯಿರಿ. ಟೂರರ್‌ಗಳಲ್ಲಿ ಕೆಲವಕ್ಕೆ ಪ್ರೀಲೋಡ್ ತಿರುಗಿಸಲು ಕೈಗೆ ಸಿಗುವ ಗುಂಡಿ ಇರುತ್ತದೆ, ಒಂದು ನಿಮಿಷದ ಕೆಲಸ. ಸ್ಪೋರ್ಟ್ ಬೈಕುಗಳಲ್ಲಿ ಅದು ಒಳಗೆ ಹುದುಗಿದ ಬಳೆಯಾಗಿದ್ದು ವಿಶೇಷ ಸ್ಪ್ಯಾನರ್ ಬೇಕು. ವಾರಕ್ಕೆರಡು ಸಲ ಹೆಂಡತಿಯನ್ನೋ ಗೆಳೆಯನನ್ನೋ ಕೂರಿಸಿಕೊಳ್ಳುವವರಿಗೆ ಈ ಸಣ್ಣ ಗುಂಡಿ ಬಹಳ ದೊಡ್ಡ ಸವಲತ್ತು.

ಇಕ್ಕಟ್ಟಿನ ತಿರುವುಗಳಲ್ಲಿ ಹ್ಯಾಂಡಲ್ ಎಷ್ಟು ಹೊರಳುತ್ತದೆ ಎಂಬುದೂ ಮುಖ್ಯ. ಕ್ಲಿಪ್‌ಆನ್ ಟ್ಯಾಂಕಿಗೆ ತಗುಲದಿರಲೆಂದು ಸ್ಪೋರ್ಟ್ ಬೈಕಿನ ಹೊರಳುವಿಕೆಯನ್ನು ಕಡಿಮೆ ಇಟ್ಟಿರುತ್ತಾರೆ. ಆಗುಂಬೆಯ ಹೇರ್‌ಪಿನ್‌ನಲ್ಲಿ ಎದುರಿಗೆ ಬಸ್ ಬಂದು ನಿಂತು, ಅಲ್ಲಿಂದಲೇ ಮೊದಲ ಗೇರಿನಲ್ಲಿ ಹೊರಳಿಸಿ ಏರಬೇಕಾದಾಗ ಇದರ ಬಿಸಿ ತಟ್ಟುತ್ತದೆ. ಹೆಬ್ಬೆರಳು ಟ್ಯಾಂಕ್ ಮತ್ತು ಹಿಡಿಕೆಯ ನಡುವೆ ಸಿಕ್ಕುತ್ತದೆಯೇ ಎಂದು ನಿಂತಲ್ಲೇ ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿ.

ಹೊರೆ ಮತ್ತು ಪೆಟ್ರೋಲು

ಕೈಪಿಡಿಯಲ್ಲಿ ಗರಿಷ್ಠ ಹೊರೆ ಎಂದು ಒಂದು ಅಂಕಿ ಇರುತ್ತದೆ. ಅದು ಸವಾರ, ಹಿಂಬದಿ ಸವಾರ, ಉಡುಪು, ಚೀಲ ಎಲ್ಲ ಸೇರಿದ ತೂಕ. ಸವಾರ 75, ಹಿಂದಿನವರು 60, ಇಬ್ಬರ ಹೆಲ್ಮೆಟ್ ಜಾಕೆಟ್ಟು ಬೂಟು 14, ಚೀಲಗಳು 20 ಎಂದರೆ 169 ಕೆಜಿ ಆಯಿತು. ಬೈಕಿನ ಮಿತಿ ಇದಕ್ಕಿಂತ ಕಡಿಮೆಯಿದ್ದರೆ ಆ ಪ್ರವಾಸ ಆ ಬೈಕಿನದಲ್ಲ. ಸ್ಪೋರ್ಟ್ ಬೈಕಿನ ಹಿಂಬದಿ ಚೌಕಟ್ಟು ತೆಳುವಾಗಿರುತ್ತದೆ. ಅಲ್ಲಿ ಬಾಲಕ್ಕೆ ಕಟ್ಟುವ ಚೀಲ 8–10 ಕೆಜಿ ದಾಟದಿರಲಿ. ಹಿಂದಿನ ಆ್ಯಕ್ಸಲ್‌ಗಿಂತ ಹಿಂದಕ್ಕೆ ಬಿದ್ದ ಭಾರ ಮುಂಚಕ್ರವನ್ನು ಹಗುರ ಮಾಡುತ್ತದೆ, 100ರ ವೇಗದಲ್ಲಿ ಹ್ಯಾಂಡಲ್ ತೂಗಾಡುತ್ತದೆ. ಭಾರದ ವಸ್ತುಗಳು ಟ್ಯಾಂಕ್ ಬ್ಯಾಗಿಗೆ ಹೋಗಲಿ. ಬದಿಗೆ ಇಳಿಬಿಡುವ ಬಟ್ಟೆ ಚೀಲ ಸೈಲೆನ್ಸರಿಗೆ ತಗುಲಿ ಸುಡುವುದು ತೀರ ಸಾಮಾನ್ಯ. ಖಾಲಿ ಚೀಲ ಕಟ್ಟಿ ನೋಡಿದರೆ ಇದು ಗೊತ್ತಾಗುವುದಿಲ್ಲ, ತುಂಬಿ ಕಟ್ಟಿ, ಹಿಂದೆ ಒಬ್ಬರನ್ನು ಕೂರಿಸಿ ನೋಡಬೇಕು.

ಟ್ಯಾಂಕಿನ ಲೆಕ್ಕ ಸುಲಭ. 11 ಲೀಟರಿನಲ್ಲಿ 2 ಲೀಟರ್ ಮೀಸಲು ಕಳೆದು 28ರ ಮೈಲೇಜಿಗೆ 252 ಕಿ.ಮೀ. 19 ಲೀಟರಿನಲ್ಲಿ 3 ಕಳೆದು 18ರ ಮೈಲೇಜಿಗೆ 288. ಎರಡೂ ನಮ್ಮ ಹೆದ್ದಾರಿಗೆ ಸಾಕು, ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಟೈರಿನ ಬಗ್ಗೆ ಒಂದು ಮಾತು. ಸ್ಪೋರ್ಟ್ ಟೈರಿನ ರಬ್ಬರು ಮೆದು, ನೇರ ಹೆದ್ದಾರಿಯಲ್ಲಿ ಅದರ ನಡುಭಾಗ ಬೇಗ ಸವೆದು ಚಪ್ಪಟೆಯಾಗುತ್ತದೆ. ಆಮೇಲೆ ತಿರುವಿಗೆ ಬಾಗಿಸುವಾಗ ಬೈಕು ಮೊದಲು ತಡೆದು, ಆ ಅಂಚು ದಾಟುತ್ತಲೇ ದಡಕ್ಕನೆ ಬೀಳುತ್ತದೆ. ಟೂರಿಂಗ್ ಟೈರುಗಳಲ್ಲಿ ನಡುವೆ ಗಟ್ಟಿ, ಬದಿಗೆ ಮೆದು ರಬ್ಬರು ಇರುವುದು ಇದನ್ನು ತಪ್ಪಿಸಲೆಂದೇ. ಮಲೆನಾಡಿನ ಮಳೆಯಲ್ಲಿ ಓಡಿಸುವವರಿಗೆ ನೀರು ಹೊರಹಾಕುವ ಗೀರುಗಳೂ ಅವುಗಳಲ್ಲಿ ಹೆಚ್ಚು. ಸ್ಪೋರ್ಟ್ ಬೈಕ್ ಕೊಂಡರೂ ಟೈರು ಬದಲಿಸುವಾಗ ಇವನ್ನು ಹಾಕಿಸಬಹುದು.

ದುಡ್ಡಿನ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಶೇ 18, ಅದನ್ನು ಮೀರಿದ್ದಕ್ಕೆ ಶೇ 40 ಜಿಎಸ್‌ಟಿ. ತೆರಿಗೆಗೆ ಮುಂಚಿನ ಬೆಲೆ ಎರಡೂವರೆ ಲಕ್ಷ ಎಂದುಕೊಂಡರೆ ಮೊದಲನೆಯದಕ್ಕೆ 45 ಸಾವಿರ, ಎರಡನೆಯದಕ್ಕೆ ಒಂದು ಲಕ್ಷ. ಅಪಾಚೆ ಆರ್‌ಆರ್ 310, ನಿಂಜಾ 300 ಗೆರೆಯ ಈಚೆ ಬರುತ್ತವೆ, 373 ಸಿಸಿಯ ಕೆಟಿಎಂ ಆರ್‌ಸಿ 390 ಆಚೆ. ಥರ್ಡ್ ಪಾರ್ಟಿ ವಿಮೆಯೂ 350ರ ಗೆರೆಯಲ್ಲೇ ಜಿಗಿಯುತ್ತದೆ: 2022ರ ಜೂನ್‌ನಲ್ಲಿ ಜಾರಿಗೆ ಬಂದ ದರಪಟ್ಟಿಯಲ್ಲಿ 150–350 ಸಿಸಿಗೆ ವರ್ಷಕ್ಕೆ 1,366 ರೂಪಾಯಿ, ಮೇಲಿನದಕ್ಕೆ 2,804.

ಇದಕ್ಕಿಂತ ಮುಖ್ಯವಾದದ್ದು ಫೇರಿಂಗ್. ಸಾಮಾನ್ಯ ಸಮಗ್ರ ವಿಮೆಯಲ್ಲಿ ಪ್ಲಾಸ್ಟಿಕ್ ಭಾಗಗಳಿಗೆ ಶೇ 50 ಸವಕಳಿ ಕಳೆಯುತ್ತಾರೆ, ಬೈಕು ಹೊಸದಾದರೂ ಸರಿ. ಮೈಯೆಲ್ಲ ಪ್ಲಾಸ್ಟಿಕ್ ಆಗಿರುವ ಬೈಕು ನಿಂತಲ್ಲೇ ಪಕ್ಕಕ್ಕೆ ವಾಲಿ ಬಿದ್ದರೂ ಅರ್ಧ ಖರ್ಚು ನಿಮ್ಮದೇ. ಸವಕಳಿ ಕಳೆಯದ ಝೀರೋ ಡಿಪ್ರಿಸಿಯೇಷನ್ ಸೇರಿಸಿಯೇ ಪಾಲಿಸಿ ಮಾಡಿಸಿ. ಬುಕ್ ಮಾಡುವ ಮುನ್ನ ಸ್ಪೇರ್ ಪಾರ್ಟ್ ಕೌಂಟರಿಗೆ ಹೋಗಿ ಐದು ವಸ್ತುಗಳ ಬೆಲೆ ಮತ್ತು ಎಷ್ಟು ದಿನಕ್ಕೆ ಬರುತ್ತದೆ ಎಂದು ಬರೆಸಿಕೊಳ್ಳಿ: ಒಂದು ಬದಿಯ ಫೇರಿಂಗ್, ಕನ್ನಡಿ, ಕ್ಲಚ್ ಲಿವರ್, ಕ್ಲಿಪ್‌ಆನ್, ಮುಂದಿನ ಫುಟ್‌ರೆಸ್ಟ್. ಬಿದ್ದಾಗ ಮುರಿಯುವುದು ಇವೇ.

ಒಂದು ದಿನ ಬಾಡಿಗೆಗೆ ತಂದು ಓಡಿಸಿ

ಶೋರೂಮಿನ ಮೂರು ಕಿಲೋಮೀಟರ್ ಸುತ್ತಿನಿಂದ ತೀರ್ಮಾನಕ್ಕೆ ಬರಬೇಡಿ. ನೋಡಿಟ್ಟ ಬೈಕು ಬಾಡಿಗೆಗೆ ಸಿಗುವುದಾದರೆ ಒಂದು ದಿನಕ್ಕೆ ತನ್ನಿ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರದ ನಂಬರ್ ಪ್ಲೇಟ್ ಇರುವುದನ್ನು ಖಚಿತಪಡಿಸಿಕೊಳ್ಳಿ, ನಾವೇ ಓಡಿಸುವ ಬಾಡಿಗೆ ವಾಹನಕ್ಕೆ ಅದೇ ಗುರುತು. ದಿನವನ್ನು ಹೀಗೆ ಹಂಚಿ: ಬೆಳಗ್ಗೆ ಕಚೇರಿ ಹೊತ್ತಿನ ಟ್ರಾಫಿಕ್‌ನಲ್ಲಿ ಒಂದು ಗಂಟೆ, ಹೆಬ್ಬಾಳ ದಾಟಿ ದೇವನಹಳ್ಳಿ ಕಡೆಗೆ ಹೆದ್ದಾರಿ, ನಂದಿ ಬೆಟ್ಟದ ತಿರುವುಗಳು, ಹಿಂದಕ್ಕೆ ಬರುವಾಗ ಹಿಂದೆ ಒಬ್ಬರು. ವಾರದ ನಡುವಿನ ದಿನವಾಗಿರಲಿ. ಮೈಸೂರು ಕಡೆ ಹೋಗುವವರಿಗೆ: ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಎಷ್ಟೇ ಸಿಸಿ ಇರಲಿ. ಹಂಪು, ಅಡ್ಡರಸ್ತೆಗಳಿರುವ ಸರ್ವಿಸ್ ರಸ್ತೆಯಲ್ಲೇ ಸಾಗಬೇಕು. ಆ ದಾರಿಯಲ್ಲಿ ನಿತ್ಯ ಓಡಾಡುವವರು ಅದನ್ನು ಟ್ರಾಫಿಕ್ ಸಾಲಿಗೆ ಸೇರಿಸಿ ಲೆಕ್ಕ ಹಾಕುವುದು ಸರಿ.

ಮರುದಿನ ಬೆಳಗ್ಗೆ ಎದ್ದಾಗ ಎಲ್ಲಿ ನೋವಿದೆ ನೋಡಿ. ತೊಡೆ, ಹೊಟ್ಟೆಯ ಸ್ನಾಯು ನೊಂದರೆ ಅಭ್ಯಾಸದಿಂದ ಹೋಗುತ್ತದೆ. ಮಣಿಕಟ್ಟು, ಕತ್ತಿನ ಬುಡ, ಕೆಳಬೆನ್ನು ನೊಂದರೆ ಆ ಭಂಗಿ ನಿಮಗಲ್ಲ.

ಸ್ಪೋರ್ಟ್ ಬೈಕನ್ನೇ ಕೊಂಡು ಹ್ಯಾಂಡಲ್ ಎತ್ತಿಸಿದರೆ?

20–30 ಮಿ.ಮೀ. ಎತ್ತಿಸುವ ರೈಸರ್‌ಗಳು ಸಿಗುತ್ತವೆ, ಮಣಿಕಟ್ಟಿಗೆ ಒಂದಿಷ್ಟು ನೆಮ್ಮದಿಯೂ ಆಗುತ್ತದೆ. ಮಂಡಿಯ ಮಡಿಕೆ ಹಾಗೇ ಇರುತ್ತದೆ. ಹಾಕಿಸಿದ ಮೇಲೆ ಬೈಕನ್ನು ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ನಿಧಾನ ತಿರುಗಿಸಿ. ಎಂಜಿನ್ ಸದ್ದು ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ ಎಂದರ್ಥ, ಯು ಟರ್ನ್ ಮಧ್ಯೆ ಬೈಕು ತಾನಾಗಿ ಮುನ್ನುಗ್ಗುತ್ತದೆ. ಬ್ರೇಕ್ ಹೋಸ್ ಬಿಗಿದು ನೆಟ್ಟಗಾದರೂ ಅಪಾಯವೇ. ಎರಡರಲ್ಲಿ ಯಾವುದು ಕಂಡರೂ ಉದ್ದದ ಕೇಬಲ್, ಹೋಸ್ ಹಾಕಿಸದೆ ಓಡಿಸಬೇಡಿ.

ಹಳೆಯ ಬೈಕು ನೋಡುವವರು, ಸ್ಪೋರ್ಟ್ ಆದರೆ ಲಿವರ್ ತುದಿ, ಹ್ಯಾಂಡಲ್ ತುದಿಯ ಗುಂಡು, ಫುಟ್‌ರೆಸ್ಟ್ ತುದಿ, ಎಂಜಿನ್ ಪಕ್ಕದ ಮುಚ್ಚಳ ಈ ನಾಲ್ಕರಲ್ಲಿ ಗೀರು ಹುಡುಕಿ. ಹೊಸ ಫೇರಿಂಗ್ ಹಳೆಯ ಗಾಯವನ್ನು ಮುಚ್ಚಿಟ್ಟಿರಬಹುದು, ಇವನ್ನು ಬದಲಿಸಲು ಎಷ್ಟೋ ಜನ ಮರೆಯುತ್ತಾರೆ. ಆಮೇಲೆ ಟಾರ್ಚ್ ಹಿಡಿದು ಹ್ಯಾಂಡಲ್ ತಲೆಯ ಕೆಳಗೆ, ಪೂರ್ತಿ ತಿರುಗಿದಾಗ ತಡೆಯುವ ಲೋಹದ ಗೂಟವನ್ನು ನೋಡಿ. ಅದು ಜಜ್ಜಿದ್ದರೆ, ಒಂದು ಬದಿ ಚಪ್ಪಟೆಯಾಗಿದ್ದರೆ, ಬೈಕು ಜೋರಾಗಿಯೇ ಬಿದ್ದಿದೆ, ಫ್ರೇಮ್‌ಗೂ ಪೆಟ್ಟಾಗಿರುವ ಸಾಧ್ಯತೆ ಹೆಚ್ಚು. ಬೆಲೆ ಎಷ್ಟೇ ಇಳಿಸಿದರೂ ಅದನ್ನು ಅಲ್ಲೇ ಬಿಟ್ಟು ಬನ್ನಿ.